ಕಿಂಡಿಯ ಹಲಗೆಯೂ ಅಧ್ಯಕ್ಷರ ಮೊಸಳೆಯೂ

ಶಿರ್ತಾಡಿಯಿಂದ ಬೆಳ್ತಂಗಡಿ ಕಡೆಗೆ ಹೋಗುವ ಬಸ್ಸಿನಲ್ಲಿ ನೆಕ್ಕಿಲಪಲ್ಕೆಗೆ ಟಿಕೆಟ್ ಕೇಳಿದರೆ ಕಂಡಕ್ಟರು, “ಮೊಸಳೆ ನೋಡ್ಲಿಕ್ಕಾ?” ಎಂದು ವಿಚಾರಿಸುತ್ತಾನೆ. ಹೌದೆಂದರೆ ಇಳಿಯುವ ಜಾಗ ತೋರಿಸುತ್ತಾನೆ, ಅಲ್ಲವೆಂದರೆ ಮತ್ಯಾಕೆ ಹೋಗುತ್ತೀರಿ ಎಂಬಂತೆ ಮುಖ ನೋಡುತ್ತಾನೆ. ಒಂದು ಸಾಮಾನ್ಯ ಊರಿಗೆ ಇಷ್ಟು ದೊಡ್ಡ ಹೆಸರು ಬಂದದ್ದರಲ್ಲಿ ಅಣ್ಣು ಶೆಟ್ಟರ ಪಾಲು ಅರ್ಧ. ಅಣ್ಣು ಶೆಟ್ಟರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಥೆಯ ನಡುವೆ ಓದುವವರಿಗೆ ಅನುಮಾನ ಬರುವ ಸಂದರ್ಭ ಉಂಟು.

ಅವರದ್ದು ‘ನೀಲಾ ಸೌಂಡ್ಸ್ ಮತ್ತು ಶಾಮಿಯಾನ’. ನೀಲಾ ಎಂದರೆ ಹೆಂಡತಿ ನೀಲಾವತಿಯಕ್ಕ. ಸೌಂಡು ಯಾರದ್ದು ಎಂದು ಊರಿನವರು ತಮಾಷೆ ಮಾಡುವುದುಂಟು, ಅದು ಇಲ್ಲಿ ಬೇಡ. ಮೈಕು, ಕುರ್ಚಿ, ಶಾಮಿಯಾನ ಎಲ್ಲರ ಹತ್ತಿರವೂ ಇರುತ್ತದೆ. ಅಣ್ಣು ಶೆಟ್ಟರ ಹತ್ತಿರ ಇದ್ದದ್ದು ಮರದ ವೇದಿಕೆ. ಬೇರೆಯವರ ಪ್ಲೈವುಡ್ ವೇದಿಕೆಯ ಮೇಲೆ ದಪ್ಪದ ಮುಖ್ಯ ಅತಿಥಿ ಹತ್ತಿದರೆ ‘ಕಿರ್’ ಅನ್ನುತ್ತದೆ. ಇವರದ್ದರ ಮೇಲೆ ಹತ್ತು ಅತಿಥಿಗಳು ಹತ್ತಿದರೂ ಉಸಿರೆತ್ತುವುದಿಲ್ಲ. ಆಳುದ್ದದ ದಪ್ಪ ಹಲಗೆಗಳು, ತುದಿಗೆ ಕಬ್ಬಿಣದ ಬಳೆ. ಯಾವ ಮರ ಎಂದು ಯಾರೋ ಕೇಳಿದಾಗ ಶೆಟ್ಟರ ಬಾಯಿಗೆ ಬರ್ಮಾ ತೇಗ ಎಂದು ಬಂತು. ಬಂದ ಮಾತನ್ನು ವಾಪಸು ತೆಗೆದುಕೊಳ್ಳುವುದು ಗಂಡಸರಿಗೆ ಶೋಭಿಸುವುದಿಲ್ಲವಲ್ಲ, ಅದೇ ಕಾಯಂ ಆಯಿತು. ಬಂಟ್ವಾಳದ ಮದುವೆ, ಲಾಯಿಲದ ವಾರ್ಷಿಕೋತ್ಸವ, ಕೊಕ್ಕಡದ ತಾಳಮದ್ದಳೆ, ಎಲ್ಲಿ ನೋಡಿದರೂ ಬರ್ಮಾ ತೇಗದ ವೇದಿಕೆ.

ಆ ಹಲಗೆ ಅವರಿಗೆ ಸಿಕ್ಕಿದ ಬಗೆ ಮಾತ್ರ ಅವರಿಗೇ ಮರೆತುಹೋಗಿತ್ತು. ಕಳೆದ ಮೇ ತಿಂಗಳಲ್ಲಿ ಪಂಚಾಯತ್ ಅಧ್ಯಕ್ಷ ಡೊಂಬಯ್ಯನವರಿಗೆ ನಾಗರಿಕ ಸನ್ಮಾನ ಆಗಿತ್ತು. ಸನ್ಮಾನ ಸಮಿತಿಗೆ ಗೌರವಾಧ್ಯಕ್ಷರು ಡೊಂಬಯ್ಯನವರೇ. ವೇದಿಕೆಗೆ ಹಲಗೆಗಳನ್ನು ಅವರೇ ಎಲ್ಲಿಂದಲೋ ಟೆಂಪೋದಲ್ಲಿ ತರಿಸಿದ್ದರು. ಮುಗಿದ ಮೇಲೆ ಕೊಂಡುಹೋಗಲು ಯಾರೂ ಬರಲಿಲ್ಲ. ಮಳೆಗೆ ನೆನೆದು ಹಾಳಾಗುವುದು ಬೇಡ ಎಂದು ಅಣ್ಣು ಶೆಟ್ಟರು ತಮ್ಮ ಶೆಡ್ಡಿಗೆ ಹಾಕಿದರು. ಎರಡು ತಿಂಗಳು ಶೆಡ್ಡಿನಲ್ಲಿದ್ದ ವಸ್ತು ತನ್ನಷ್ಟಕ್ಕೆ ನಮ್ಮದಾಗುತ್ತದೆ. ಬುದ್ಧಿವಂತರಿಗೆ ಈಗಲೇ ವಿಷಯ ಗೊತ್ತಾಗಿರಬಹುದು. ಅಣ್ಣು ಶೆಟ್ಟರಿಗೆ ಗೊತ್ತಾಗಲಿಲ್ಲ.

ನವೆಂಬರ್ ಕೊನೆಗೆ ಗ್ರಾಮಸಭೆ. ಮೈಕಿನ ವಯರು ಸುತ್ತುತ್ತಿದ್ದ ಗಂಡನ ಎದುರು ನೀಲಾವತಿಯಕ್ಕ ಬಂದು ನಿಂತರು. ಊರಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಒಂದು ಕಿಂಡಿ ಅಣೆಕಟ್ಟು ಉಂಟು. ಮಳೆಗಾಲ ಮುಗಿದು ನೀರು ಇನ್ನೂ ಹರಿಯುತ್ತಿರುವಾಗಲೇ ಅದರ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬಬೇಕು. ಆಗ ನೀರು ನಿಲ್ಲುತ್ತದೆ, ಸುತ್ತಿನ ಬಾವಿಗಳಲ್ಲಿ ಮುಂದಿನ ಮಳೆಯವರೆಗೆ ಕೊಡ ಮುಳುಗುತ್ತದೆ. ತಡ ಮಾಡಿದರೆ ನೀರು ಸಮುದ್ರದ ಪಾಲು, ಆಮೇಲೆ ಚಿನ್ನದ ಹಲಗೆ ಹಾಕಿದರೂ ಪ್ರಯೋಜನ ಇಲ್ಲ. ಈ ವರ್ಷ ಹಲಗೆಯ ಸುದ್ದಿಯೇ ಇಲ್ಲ. ನೀಲಾವತಿಯಕ್ಕನಿಗೆ ಅಂಗಳದ ಆಚೆ ಮಲ್ಲಿಗೆಯ ಒಂದು ತುಂಡು ತೋಟ ಇತ್ತು. ಮದುವೆಯಾಗಿ ಬಂದ ಮೇಲೆ ಇದು ನನ್ನದು ಎಂದು ಮಾಡಿಕೊಂಡದ್ದು ಅದೊಂದೇ. ಬೆಳಗಿನ ಮೊದಲ ಬಸ್ಸಿಗೆ ಮೂಡಬಿದಿರೆಗೆ ಹೋಗುವ ಅವರ ಮಲ್ಲಿಗೆಗೆ ಪೇಟೆಯಲ್ಲಿ ಹೆಸರಿತ್ತು. ಬಾವಿ ಬತ್ತಿದರೆ ಫೆಬ್ರವರಿಗೆ ಗಿಡಗಳೆಲ್ಲ ಸೌದೆ.

“ನೀವು ಹೇಗೂ ಮೈಕ್ ತಕ್ಕೊಂಡು ಹೋಗ್ತೀರಿ. ಒಂದು ಮಾತು ಕೇಳಿ ಬನ್ನಿ. ಹಲಗೆ ಎಲ್ಲಿ ಉಂಟು? ಅಷ್ಟೇ.”

ಅಷ್ಟೇ ತಾನೆ, ಕೇಳ್ತೇನೆ ಎಂದರು ಶೆಟ್ಟರು. ಕೇಳುವುದು ಸುಲಭ ಎಂದು ಅವರು ತಿಳಿದಿದ್ದರು, ಅದೇ ತಪ್ಪು. ಡೊಂಬಯ್ಯನವರು ರಾಜಕೀಯಕ್ಕೆ ಬರುವ ಮೊದಲು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಒಂದು ರಾತ್ರಿ ಕೃಷ್ಣನಾಗಿ ಸಂಧಾನವೇ ಧರ್ಮ ಎಂದು ಸಾಧಿಸಿ, ಮರುರಾತ್ರಿ ಕೌರವನಾಗಿ ಸೂಜಿಮೊನೆಯಷ್ಟು ಭೂಮಿಯನ್ನೂ ಕೊಡದಿರುವುದೇ ಧರ್ಮ ಎಂದು ಸಾಧಿಸಿದವರು. ಎರಡಕ್ಕೂ ಚಪ್ಪಾಳೆ ತಟ್ಟಿದ್ದು ಅದೇ ಜನ. ನಮ್ಮ ಕಡೆಯ ಜನರಿಗೆ ಮಾತು ಚಂದ ಇದ್ದರೆ ಆಯಿತು, ಅದು ನಿಜವಾ ಎಂದು ಕೇಳುವುದು ರಸಭಂಗ.

ಸಭೆಯಲ್ಲಿ ಶೆಟ್ಟರಿಗಿಂತ ಮೊದಲೇ ತೋಡಿನ ಆಚೆಯ ಹುಕ್ರಪ್ಪ ಎದ್ದು ನಿಂತು ಹಲಗೆಯ ಪ್ರಶ್ನೆ ಹಾಕಿದರು. ಪ್ರತಿ ವರ್ಷ ಕಿಂಡಿಗೆ ಇಳಿದು ಹಲಗೆ ಕೂರಿಸುವವರಲ್ಲಿ ಅವರೂ ಒಬ್ಬರು. ಪಿಡಿಒ ಶುಭಶ್ರೀ ಮೇಡಂ ಪುತ್ತೂರು ಕಡೆಯಿಂದ ಮಳೆಗಾಲದಲ್ಲಷ್ಟೇ ವರ್ಗವಾಗಿ ಬಂದವರು. ಅವರು ಕೂಡ ಉತ್ತರ ಕೇಳುವ ಆಸೆಯಿಂದ ಅಧ್ಯಕ್ಷರ ಕಡೆ ತಿರುಗಿದರು. ಡೊಂಬಯ್ಯನವರು ಒಂದು ಗುಟುಕು ನೀರು ಕುಡಿದರು. ಹುಕ್ರಪ್ಪರ ಮಂಡಿನೋವು ಹೇಗುಂಟು ಎಂದು ವಿಚಾರಿಸಿದರು. ಆಮೇಲೆ ಸ್ವರ ಇಳಿಸಿದರು.

“ಹಲಗೆ ಹಾಕುವುದು ಒಂದು ಗಂಟೆಯ ಕೆಲಸ. ಆದರೆ ಹುಕ್ರಪ್ಪಣ್ಣ, ಕಿಂಡಿಯ ಗುಂಡಿಯಲ್ಲಿ ಮೊಸಳೆ ಉಂಟಲ್ಲ, ಅದಕ್ಕೆ ಎಂತ ಮಾಡುವ?”

ನೀರಿಗಿಳಿದು ಕಾಲು ಕಳೆದುಕೊಳ್ಳುವುದು ಹಲಗೆಗಿಂತ ದೊಡ್ಡ ವಿಷಯ ಎಂದು ಹುಕ್ರಪ್ಪ ಮೆಲ್ಲ ಕೂತರು. ಮೊಸಳೆಯನ್ನು ಯಾರು ನೋಡಿದ್ದಾರೆ ಎಂದು ಹಿಂದಿನಿಂದ ಯಾರೋ ಕೇಳಿದರು. ಅಧ್ಯಕ್ಷರ ಕಣ್ಣು ಸಭೆಯನ್ನೆಲ್ಲ ಸುತ್ತಿ ಆಂಪ್ಲಿಫಯರಿನ ಹತ್ತಿರ ನಿಂತಿತು. ಶೆಟ್ರು ಆ ದಾರಿಯಲ್ಲೇ ಬರುವುದು, ಶೆಟ್ರು ನೋಡಿದ್ದಾರಲ್ಲ, ಎಂದರು. ಇಷ್ಟು ವರ್ಷ ಸಭೆಗಳಿಗೆ ಮೈಕ್ ಇಟ್ಟರೂ ‘ಸೌಂಡ್ ಸ್ವಲ್ಪ ಜಾಸ್ತಿ ಕೊಡಿ’ ಎಂಬುದನ್ನು ಬಿಟ್ಟು ಒಬ್ಬರೂ ಅಣ್ಣು ಶೆಟ್ಟರ ಹತ್ತಿರ ಸಭೆಯ ಎದುರು ಮಾತಾಡಿದ್ದಿಲ್ಲ. ಈಗ ಊರಿಗೆ ಊರೇ ತಿರುಗಿ ನೋಡುತ್ತಿತ್ತು. ಬೆಳಿಗ್ಗೆ ತೋಡಿನಲ್ಲಿ ಏನೋ ‘ಬುಳುಂಕ್’ ಅಂದದ್ದು ಅವರಿಗೆ ನೆನಪಾಯಿತು. ತೆಂಗಿನಕಾಯಿಯೂ ಆಗಿರಬಹುದು.

“ನೋಡಿದ್ದೇನೆ,” ಎಂದರು ಶೆಟ್ಟರು. “ಬಾಲ.”

ಮನೆ ಮುಟ್ಟಿದಾಗ ಹೆಂಡತಿ ಕೇಳಿದ್ದು ಹಲಗೆಯ ವಿಷಯ. ಶೆಟ್ಟರು ಮೊಸಳೆ ಉಂಟಂತೆ ಎಂದರು. ಅಂತೆ ಅಂದರೆ ಎಂತದು, ನೋಡಿದವರೇ ನೀವು ಎಂದು ಹೋಟೆಲಿನ ಶುಕೂರ್ ಬ್ಯಾರಿ ಆಗಲೇ ಹೇಳಿ ಹೋದರಲ್ಲ, ಎಂದರು ನೀಲಾವತಿಯಕ್ಕ. ಸುಳ್ಳಿಗೆ ಶೆಟ್ಟರ ಹಳೆಯ ಟೆಂಪೋಗಿಂತ ಹೆಚ್ಚು ಸ್ಪೀಡು.

ಮರುದಿನದಿಂದ ಮೊಸಳೆ ಬೆಳೆಯಲು ಶುರುವಾಯಿತು. ಬಾಲಕ್ಕೆ ಬೆನ್ನು ಬಂತು, ಬೆನ್ನಿಗೆ ತಲೆ ಬಂತು. ಬೆಳ್ತಂಗಡಿಯಿಂದ ಮೊಬೈಲ್ ಚಾನೆಲಿನವರು ಬಂದು ಉದ್ದ ಎಷ್ಟು ಎಂದು ಕೇಳಿದಾಗ ಶೆಟ್ಟರು ಕೈ ಅಗಲಿಸಿದರು. ಕ್ಯಾಮೆರಾದಲ್ಲಿ ಸಣ್ಣದಾಗಿ ಕಾಣುತ್ತದೆ, ಇನ್ನೂ ಸ್ವಲ್ಪ ಅಗಲಿಸಿ ಎಂದರು ಚಾನೆಲಿನವರು. ಅಗಲಿಸಿದರು. ಅರಣ್ಯ ಇಲಾಖೆಯವರು ಬಂದು ತೋಡಿನ ಬದಿಯೆಲ್ಲ ಹುಡುಕಿ, ಉಡದ ಗುರುತು ಉಂಟು, ಮೊಸಳೆಯದ್ದು ಇಲ್ಲ ಎಂದು ಹೇಳಿ ಹೋದರು. ಗುರುತೇ ಬಿಡದಿರುವ ಮೊಸಳೆ ಎಂದರೆ ಎಷ್ಟು ಅಪಾಯಕಾರಿ ಇರಬೇಕು ಯೋಚಿಸಿ ಎಂದರು ಡೊಂಬಯ್ಯನವರು. ಜನ ಯೋಚಿಸಿದರು. ಶುಕೂರ್ ಬ್ಯಾರಿಗಳ ಹೋಟೆಲಿನಲ್ಲಿ ಗೋಳಿಬಜೆ ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿತು. ಬೈಕುಗಳಲ್ಲಿ ಬಂದ ಹುಡುಗರು ಅಣೆಕಟ್ಟಿನ ಮೇಲೆ ನಿಂತು ಕೆಳಗೆ ಮೊಬೈಲ್ ಹಿಡಿದರು. ಕೆಳಗೆ ನೀರು ಹಲಗೆಯಿಲ್ಲದ ಕಿಂಡಿಗಳಿಂದ ಹೋಗುತ್ತಲೇ ಇತ್ತು.

ಮೊಸಳೆಯ ವಿಷಯಕ್ಕೆಂದೇ ಪಂಚಾಯತಿನಲ್ಲಿ ವಾರಕ್ಕೊಂದು ಸಭೆ ಶುರುವಾಗಿತ್ತು. ಡಿಸೆಂಬರ್ ಮೊದಲ ವಾರದ ಸಭೆಯಲ್ಲಿ ಹುಕ್ರಪ್ಪ ಮತ್ತೆ ಕೇಳಿದರು. ಮೊಸಳೆ ಇರಲಿ ಸ್ವಾಮಿ, ಹಲಗೆ ಎಲ್ಲಿ? ಹಲಗೆ ಗೆದ್ದಲು ಹಿಡಿದು ಹೋಯಿತು ಎಂದರು ಅಧ್ಯಕ್ಷರು, ಕಣ್ಣಲ್ಲಿ ಸ್ವಲ್ಪ ನೀರೂ ಬಂತು. ಮುಂದಿನ ವಾರ ಕೇಳಿದಾಗ ಹಲಗೆಯನ್ನು ವಿರೋಧಿಗಳು ಕದ್ದಿದ್ದಾರೆ ಎಂದರು. ಗೆದ್ದಲು ತಿಂದದ್ದನ್ನು ಕದ್ದದ್ದು ಹೇಗೆ ಎಂದು ಶುಭಶ್ರೀ ಮೇಡಂ ಮೆಲ್ಲ ಕೇಳಿದರು. ನೀವು ಹೊಸಬರು ಮೇಡಂ, ಇಲ್ಲಿನ ಗೆದ್ದಲು ನಿಮಗೆ ಗೊತ್ತಿಲ್ಲ ಎಂಬ ಉತ್ತರ ಬಂತು, ಸಭೆಯಲ್ಲಿ ನಗೆ ಎದ್ದಿತು. ಕದ್ದದ್ದು ಎಂಬ ಮಾತು ಬಂದಾಗ ಯಾಕೋ ಅಣ್ಣು ಶೆಟ್ಟರು ಹೆಗಲು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಕಳ್ಳನ ಗಾದೆ ಅವರಿಗೂ ಗೊತ್ತಿತ್ತು, ಆದರೆ ತಾನು ಕದ್ದ ಕುಂಬಳಕಾಯಿ ಯಾವುದು ಎಂಬುದು ಮಾತ್ರ ತಿಳಿಯಲಿಲ್ಲ.

ಅದೇ ಸಮಯಕ್ಕೆ ಲಾಯಿಲದ ಒಂದು ಕಾರ್ಯಕ್ರಮದಲ್ಲಿ ಡೊಂಬಯ್ಯನವರು ಅತಿಥಿ, ಶೆಟ್ಟರದ್ದು ವೇದಿಕೆ. ಯಾರೋ ಮರವನ್ನು ಹೊಗಳಿದರು. ಬರ್ಮಾದ್ದು, ಹಡಗಿನಲ್ಲಿ ಬಂದದ್ದು ಎಂದು ಶೆಟ್ಟರು ಇನ್ನೊಂದು ಮೆಟ್ಟಿಲು ಹತ್ತಿದರು. ಅಧ್ಯಕ್ಷರು ಕೇಳಿಸಿಕೊಂಡರು. ಮರುವಾರ ಸಭೆಯಲ್ಲಿ, ಕಿಂಡಿಗೆ ಹೊಸ ಹಲಗೆ ಬರ್ಮಾದಿಂದ ಹೊರಟಿದೆ, ಹಡಗು ನಡುನೀರಿನಲ್ಲಿ ಉಂಟು ಎಂದು ಘೋಷಿಸಿದರು. ತಾನು ಹೇಳಿದ ಸುಳ್ಳು ಇನ್ನೊಬ್ಬರ ಬಾಯಿಂದ ಬಂದಾಗ ಅದು ನಿಜವೇ ಇರಬೇಕು ಎಂದು ಅಣ್ಣು ಶೆಟ್ಟರಿಗೆ ಅನಿಸಿತು. ಬರ್ಮಾದಲ್ಲಿ ಮರ ಒಳ್ಳೆಯದು ಎಂದು ಮನೆಯಲ್ಲಿ ಹೆಂಡತಿಗೆ ವಿವರಿಸಿದರು.

ನೀಲಾವತಿಯಕ್ಕ ಗಂಡನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದರು. ಬಾವಿಗೆ ಬಿಟ್ಟ ಕೊಡಪಾನ ಎತ್ತಿ ಅವರ ಎದುರು ಇಟ್ಟರು. ಅರ್ಧ ಇತ್ತು, ಅದೂ ಕೆಸರು. ತೋಡಿನಲ್ಲಿ ಮೊಣಕಾಲಿನವರೆಗೆ ಇದ್ದ ನೀರು ಪಾದಕ್ಕೆ ಇಳಿದಿತ್ತು. ಇನ್ನೊಂದು ವಾರ ಹೋದರೆ ನಿಲ್ಲಿಸಲಿಕ್ಕೆ ನೀರೇ ಇಲ್ಲ.

ಆ ವಾರವೇ ಅಧ್ಯಕ್ಷರಿಂದ ಹೇಳಿಕೆ ಬಂತು. ಮೊಸಳೆ ಹೆದರಿ ಊರು ಬಿಟ್ಟಿದೆ, ಇದು ಪಂಚಾಯತಿನ ಸಾಧನೆ, ಆದ್ದರಿಂದ ತೋಡಿನ ಬದಿಯ ಗದ್ದೆಯಲ್ಲಿ ವಿಜಯೋತ್ಸವ. ಮೊಸಳೆಯನ್ನು ಮೊದಲು ಕಂಡ ಧೀರ ಅಣ್ಣು ಶೆಟ್ಟರಿಗೆ ಶಾಲು, ಪೇಟ, ಹಣ್ಣುಹಂಪಲು. ವೇದಿಕೆ ಮತ್ತು ಮೈಕ್, ಅಣ್ಣು ಶೆಟ್ಟರದ್ದೇ. ಸನ್ಮಾನಕ್ಕೆ ತಾನೇ ವೇದಿಕೆ ಕಟ್ಟುವುದು ಸ್ವಲ್ಪ ನಾಚಿಕೆಯ ವಿಷಯ ಹೌದು. ಆದರೆ ಶೆಟ್ಟರು ಡ್ರಮ್ಮುಗಳ ಮೇಲೆ ಹಲಗೆಗಳನ್ನು ಎಂದಿಗಿಂತ ನೀಟಾಗಿ ಜೋಡಿಸಿದರು, ಮೇಲೆ ಕೆಂಪು ಕಾರ್ಪೆಟ್ ಹಾಸಿದರು.

ಜನ ಗದ್ದೆ ತುಂಬ ಸೇರಿದ್ದರು. ಶುಕೂರ್ ಬ್ಯಾರಿಗಳು ಬಾಣಲೆಯನ್ನೇ ಅಲ್ಲಿಗೆ ತಂದಿದ್ದರು. ಗಂಡನ ಪಕ್ಕ ಕೂರಿಸಬೇಕೆಂದು ನೀಲಾವತಿಯಕ್ಕನನ್ನೂ ವೇದಿಕೆಗೆ ಕರೆದರು. ಅವರು ಹತ್ತಿದವರೇ ಒಂದು ಕಡೆ ಎಡವಿ ಕೂತುಬಿಟ್ಟರು. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂದಿತ್ತು. ಕಾರ್ಪೆಟ್ ಎತ್ತಿ ನೋಡಿದರು. ಕಬ್ಬಿಣದ ಬಳೆ. ಕಳೆದ ವರ್ಷ ಕಿಂಡಿಯಲ್ಲಿ ಮಣ್ಣು ತುಳಿಯುವಾಗ ಇದೇ ಬೆರಳಿಗೆ ತಾಗಿದ್ದು ಇದೇ ಸೊಟ್ಟ ಬಳೆ. ಹಲಗೆಯ ಬಿರುಕಿನಲ್ಲಿ ಒಣಗಿದ ಜೇಡಿಮಣ್ಣು ಇನ್ನೂ ಬಿಳಿಯಾಗಿ ಕಾಣುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದು ಎಂದರೆ ಇದೇ.

“ಇವರೇ,” ಎಂದರು ಗಂಡನಿಗೆ, “ಇದು ಕಿಂಡಿಯ ಹಲಗೆ. ನಾವು ಕೂತದ್ದೇ ಅದರ ಮೇಲೆ.”

ಶೆಟ್ಟರ ತಲೆಯ ಮೇಲೆ ಪೇಟ ಆಗಲೇ ಬಂದಿತ್ತು. ಮೇ ತಿಂಗಳು, ಟೆಂಪೋ, ಮಳೆ, ಶೆಡ್ಡು, ಎಲ್ಲ ಒಂದೊಂದಾಗಿ ಅವರ ನೆನಪಿಗೆ ಬಂತು. ಆಗ ಡೊಂಬಯ್ಯನವರು ಮೈಕಿನಲ್ಲಿ ಹಡಗು ಕೊಚ್ಚಿ ದಾಟಿದ ವಿಷಯ ಹೇಳುತ್ತಿದ್ದರು. ಓರೆಗಣ್ಣಿನಲ್ಲಿ ಎತ್ತಿದ ಕಾರ್ಪೆಟ್ ನೋಡಿದರು. ಅರೆಕ್ಷಣ ಮಾತ್ರ ತಡವರಿಸಿದರು. ಕೃಷ್ಣನಿಂದ ಕೌರವನಾಗಲು ಅವರಿಗೆ ಅಷ್ಟು ಹೊತ್ತು ಧಾರಾಳ ಸಾಕು.

“ಬಂಧುಗಳೇ, ಹಲಗೆ ಸಿಕ್ಕಿತು. ಕದ್ದವನೂ ಸಿಕ್ಕಿದ. ನಾನು ಹೇಳಿರಲಿಲ್ವಾ?”

ಎಲ್ಲರ ಕಣ್ಣು ಶೆಟ್ಟರ ಪೇಟದ ಮೇಲೆ. ಮೊದಲ ಸಲ ಊರು ತಿರುಗಿ ನೋಡಿದಾಗ ಅವರಿಗೆ ಹಿತವಾಗಿತ್ತು, ಈ ಸಲ ಅಳು ಬಂತು. ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಮೈಕಿನ ಹತ್ತಿರ ಹೋದರು. ತನ್ನದೇ ಮೈಕಿನಲ್ಲಿ ಅವರು ಮಾತಾಡಿದ್ದು ಅದೇ ಮೊದಲು.

“ಹಲಗೆ ತರಿಸಿದ್ದು ಅಧ್ಯಕ್ಷರೇ, ಅವರ ಸನ್ಮಾನಕ್ಕೆ. ಬಿಟ್ಟು ಹೋದದ್ದನ್ನು ನಾನು ಶೆಡ್ಡಿಗೆ ಹಾಕಿದೆ. ಬರ್ಮಾ ತೇಗ ಅಂತ ಹೇಳಿದ್ದು ಸುಳ್ಳು. ಮತ್ತೆ, ಮೊಸಳೆಯನ್ನೂ ನಾನು ನೋಡ್ಲಿಲ್ಲ.”

ಹಲಗೆ ಹೋದದ್ದಕ್ಕೆ ಸಿಟ್ಟಾಗದ ಜನ ಮೊಸಳೆ ಇಲ್ಲ ಎಂದದ್ದಕ್ಕೆ ಸಿಟ್ಟಾದರು. ನನ್ನ ಭಾವ ಬಂಟ್ವಾಳದಿಂದ ಬಂದು ನೋಡಿ ಹೋಗಿದ್ದಾನೆ, ಅವನೇನು ಸುಳ್ಳು ಹೇಳ್ತಾನಾ ಎಂದು ಒಬ್ಬರು ಎದ್ದರು. ನನ್ನ ವಿಡಿಯೋವನ್ನು ದುಬೈಯಲ್ಲೂ ನೋಡಿದ್ದಾರೆ ಎಂದು ಇನ್ನೊಬ್ಬರು. ಹೊಟ್ಟೆಗೆ ಹೊಡೀಬೇಡಿ ಶೆಟ್ರೆ, ಒಂದು ಸಣ್ಣ ಮರಿಯಾದರೂ ಇರ್ಲಿ ಎಂದು ಶುಕೂರ್ ಬ್ಯಾರಿಗಳು ಬಾಣಲೆಯ ಹತ್ತಿರದಿಂದ ಬೇಡಿಕೊಂಡರು. ಗಲಾಟೆಯ ನಡುವೆ ಡೊಂಬಯ್ಯನವರು ಮೈಕನ್ನು ಮೆಲ್ಲ ವಾಪಸು ತೆಗೆದುಕೊಂಡು, ಮೊಸಳೆ ಇಲ್ಲ ಎನ್ನುವವರು ಈ ಊರಿನ ಮರ್ಯಾದೆಗೆ ಕೈ ಹಾಕಿದ್ದಾರೆ ಎಂದು ಹೊಸ ಭಾಷಣ ಶುರು ಮಾಡಿದರು. ಚಪ್ಪಾಳೆ ಬಿತ್ತು. ಹಲಗೆಯ ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ನೀಲಾವತಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರ್ಪೆಟ್ ಸುತ್ತಿ ಬದಿಗೆ ಹಾಕಿ, ಸೊಟ್ಟ ಬಳೆ ಹಿಡಿದು ಹಲಗೆ ಎಳೆದರು. ಇನ್ನೊಂದು ತುದಿಯನ್ನು ಹುಕ್ರಪ್ಪ ಹಿಡಿದರು. ತೋಡು ಅಲ್ಲೇ ಕೆಳಗೆ. ಒಂದು ಹಲಗೆ ಕಿಂಡಿಗೆ ಇಳಿದು ಕೂತಾಗ ಬಂದ ಶಬ್ದ ಕೇಳಿ ನಾಲ್ಕು ಹೆಂಗಸರು ಎದ್ದು ಬಂದರು, ಶುಭಶ್ರೀ ಮೇಡಂ ಚಪ್ಪಲಿ ಬದಿಗಿಟ್ಟು ಬಂದರು. ಹಲಗೆ ಸಾಗಿಸುವುದು ನೋಡಲಿಕ್ಕೆ ಭಾಷಣದಷ್ಟೇ ಗಮ್ಮತ್ತು ಎಂದು ಕಂಡಿತೋ ಏನೋ, ಆಮೇಲೆ ಗಂಡಸರೂ ಬಂದರು. ಡೊಂಬಯ್ಯನವರು ಮಾತ್ರ ನಿಲ್ಲಿಸಲಿಲ್ಲ. ಬಲಗಡೆಯ ಹಲಗೆ ಹೋದಾಗ ಎಡಕ್ಕೆ ಸರಿದರು, ಎದುರಿನದ್ದು ಹೋದಾಗ ಹಿಂದೆ ಸರಿದರು. ಸರಿಯುತ್ತಾ ಸರಿಯುತ್ತಾ ಊರಿನ ಮರ್ಯಾದೆಯಿಂದ ದೇಶದ ಮರ್ಯಾದೆಗೆ ಬಂದರು. ಕೊನೆಗೆ ಎರಡು ಡ್ರಮ್ಮಿನ ನಡುವೆ ಒಂದೇ ಹಲಗೆ, ಅದರ ಮೇಲೆ ಅಧ್ಯಕ್ಷರು ಉಳಿದರು. ಅಣೆಕಟ್ಟಿನಲ್ಲಿ ಒಂದೇ ಕಿಂಡಿಗೆ ಒಂದು ಹಲಗೆ ಕಮ್ಮಿ. ನೀರೆಲ್ಲ ಅಲ್ಲಿಂದಲೇ ನುಗ್ಗುತ್ತಿತ್ತು.

ಅಣ್ಣು ಶೆಟ್ಟರು ಹೋಗಿ ವಿನಯದಿಂದ ಕೇಳಿದರು. ಗ್ರಾಮಸಭೆಗೆ ಹೊರಡುವಾಗ ಹೆಂಡತಿ ಕೇಳಲು ಹೇಳಿದ್ದ ಮಾತು ತಿಂಗಳು ಕಳೆದು ಈಗ ಬಾಯಿಂದ ಹೊರಟಿತು.

“ಅಧ್ಯಕ್ಷರೇ, ಹಲಗೆ.”

“ಯಾವ ಹಲಗೆ?” ಎಂದರು ಡೊಂಬಯ್ಯನವರು, ಅದರ ಮೇಲೆ ನಿಂತುಕೊಂಡೇ.

ಶೆಟ್ಟರು ಎರಡನೆಯ ಸಲ ಕೇಳಲಿಲ್ಲ. ಹುಕ್ರಪ್ಪರಿಗೆ ಕಣ್ಣು ಹೊಡೆದರು. ನಾಲ್ಕು ಜನ ಸೇರಿ ಹಲಗೆಯನ್ನು ಅಧ್ಯಕ್ಷರ ಸಮೇತ ಎತ್ತಿ ಹೆಗಲಿಗೆ ಇಟ್ಟರು. ಡೊಂಬಯ್ಯನವರು ಮೊದಲು ಬೆದರಿ ಕುಕ್ಕರುಗಾಲಿನಲ್ಲಿ ಕೂತರು. ಆದರೆ ಜನ ತನ್ನನ್ನು ಹೆಗಲ ಮೇಲೆ ಹೊತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಅಭ್ಯಾಸದಂತೆ ಕೈ ಮುಗಿದರು, ಎರಡೂ ಕಡೆ ಕೈ ಬೀಸಿದರು. ಅಣೆಕಟ್ಟಿನ ಹತ್ತಿರ ಹಲಗೆ ವಾಲಿಸಿದಾಗ ಜಾರಿ, ಕಿಂಡಿಗೆ ತುಂಬಲು ಹೆಂಗಸರು ಅಗೆದು ಹಾಕಿದ್ದ ಜೇಡಿಮಣ್ಣಿನಲ್ಲಿ ಮೊಣಕಾಲಿನವರೆಗೆ ಹೂತರು. ಹಲಗೆ ಕಿಂಡಿಗೆ ಇಳಿಯಿತು. ನೀರಿನ ಶಬ್ದ ನಿಂತಿತು. ಹಿಂದೆ ತೋಡು ಮೆಲ್ಲ ಅಗಲವಾಗತೊಡಗಿತು.

“ಹಲಗೆ ಬರ್ತದೆ ಅಂತ ಹೇಳಿದ್ದೆ, ಬಂತಾ ಇಲ್ವಾ?” ಎಂದರು ಅಧ್ಯಕ್ಷರು ಮಣ್ಣಿನೊಳಗಿಂದ. “ಹೇಳಿದ ಮಾತಿಗೆ ಡೊಂಬಯ್ಯ ತಪ್ಪಿದ್ದು ಉಂಟಾ?”

ಜನ ಕೆಸರು ಕೈಯಲ್ಲೇ ಚಪ್ಪಾಳೆ ತಟ್ಟಿದರು. ಮಣ್ಣು ತುಳಿಯುತ್ತಿದ್ದ ನೀಲಾವತಿಯಕ್ಕ ತಲೆ ಎತ್ತದೆ ಕೇಳಿದರು.

“ಆಯ್ತು. ಬರುವ ಮೇಯಲ್ಲಿ ತೆಗೆದು ಎಲ್ಲಿ ಇಡ್ತೀರಿ ಅಂತ ಎಲ್ಲರ ಎದುರು ಈಗಲೇ ಹೇಳಿ.”

ಚಪ್ಪಾಳೆ ನಿಂತಿತು. ಅಷ್ಟು ಜನರೂ ಅಧ್ಯಕ್ಷರ ಬಾಯಿ ನೋಡಿದರು. ಡೊಂಬಯ್ಯನವರು ಒಮ್ಮೆ ನೀಲಾವತಿಯಕ್ಕನನ್ನು ನೋಡಿದರು, ಒಮ್ಮೆ ಆಕಾಶ ನೋಡಿದರು, ಆಮೇಲೆ ಅವರೆಲ್ಲರ ಹಿಂದೆ ತುಂಬುತ್ತಿದ್ದ ನೀರಿನ ಕಡೆಗೆ ಬೆರಳು ಚಾಚಿದರು.

“ಓ ಅಲ್ಲಿ, ಮೊಸಳೆ.”

ಎಲ್ಲರೂ ತಿರುಗಿ ನೋಡಿದರು. ಅಣ್ಣು ಶೆಟ್ಟರೂ ತಿರುಗಿ ನೋಡಿದರು. ಅವರು ಮತ್ತೆ ಈ ಕಡೆ ತಿರುಗುವಾಗ ಮಣ್ಣಿನಲ್ಲಿ ಅಧ್ಯಕ್ಷರ ಎರಡು ಚಪ್ಪಲಿ ಮಾತ್ರ ಇತ್ತು, ರಸ್ತೆಯಲ್ಲಿ ಕಾರು ಹೊರಟ ಶಬ್ದ ಕೇಳಿತು. ತಿರುಗಿ ನೋಡದವರು ನೀಲಾವತಿಯಕ್ಕ ಒಬ್ಬರೇ. ಅವರು ಆ ಎರಡು ಚಪ್ಪಲಿಯನ್ನೂ ಸೇರಿಸಿ ಮಣ್ಣು ತುಳಿದು ಕಿಂಡಿ ತುಂಬಿಸಿದರು.